ಗೇಣು ನೀರಿಗೆ ಮೊಳ ಹಗ್ಗ

ಏರುವ ಹೊಳೆಯಲ್ಲಿ ಬೋಟಿನವರು ನಿದ್ದೆ ಮಾಡಬಹುದು, ಇಳಿಯುವ ಹೊಳೆಯಲ್ಲಿ ಕಣ್ಣು ಮುಚ್ಚಬಾರದು. ಏವನ್ ನದಿಯ ಮೇಲೆ ಹುಟ್ಟಿ ಬೆಳೆದವರಿಗೆ ಇದು ಅಆಇಈ ಇದ್ದ ಹಾಗೆ. ಬೆರಿಲ್‌ಗೆ ಗೊತ್ತಾದದ್ದು ಮಾತ್ರ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಗಂಡನನ್ನು ಆಸ್ಪತ್ರೆಗೆ ಕಳಿಸಿದ ಮಾರನೆಯ ಬೆಳಿಗ್ಗೆ.

ಪರ್ಶೋರ್ ಊರಿನ ಕೆಳಗೆ ದಡದ ಎರಡು ವಿಲ್ಲೋ ಮರಗಳಿಗೆ ಹಗ್ಗ ಹಾಕಿ ನಿಂತಿತ್ತು ಅವರ ಬೋಟು ‘ಪ್ರಿಮ್‌ರೋಸ್’. ಉದ್ದಕ್ಕೆ ರೈಲುಡಬ್ಬಿಯಷ್ಟು, ಅಗಲಕ್ಕೆ ಗಂಡ ಹೆಂಡತಿ ಎದುರಾದರೆ ಒಬ್ಬರು ಹೊಟ್ಟೆ ಎಳೆದುಕೊಂಡು ದಾರಿ ಬಿಡಬೇಕಾದಷ್ಟು. ಮೂರು ದಿನದ ಹಿಂದೆ ಹೊಳೆ ದಡ ಮೀರಿ ಪಕ್ಕದ ಹುಲ್ಲುಗಾವಲನ್ನು ನುಂಗಿ ಹಾಕಿತ್ತು. ಈಗ ದಡ ಯಾವುದು, ಹೊಳೆ ಯಾವುದು ಎಂದು ತಿಳಿಯುವುದಕ್ಕೆ ಉಳಿದದ್ದು ಮುಳುಗಿದ ದಡದ ಅಂಚಿಗೆ ನೆಟ್ಟಿದ್ದ ಎರಡು ಕಬ್ಬಿಣದ ಕಂಬಿಗಳು ಮಾತ್ರ. ಬೋಟು ತೇಲುತ್ತ ಹುಲ್ಲುಗಾವಲಿನೊಳಗೆ ಹೋಗದಂತೆ ಅವು ತಡೆಯುತ್ತಿದ್ದವು, ಹೊಳೆಯ ಪಾಲಾಗದಂತೆ ಹಗ್ಗಗಳು ಹಿಡಿದಿದ್ದವು.

ಕೆಲಸ ಕೇಳುವುದಕ್ಕೆ ಸುಲಭ. ಹಗ್ಗಗಳು ಮರವನ್ನು ಬಳಸಿ ಮತ್ತೆ ಬೋಟಿನ ಗೂಟಕ್ಕೇ ಬಂದಿವೆ. ನೀರು ಇಳಿದ ಹಾಗೆ ಅವನ್ನು ಬಿಡುತ್ತಾ ಹೋಗಬೇಕು, ಉದ್ದ ಕೋಲಿನಿಂದ ಬೋಟನ್ನು ದಡದಿಂದ ನೂಕುತ್ತಿರಬೇಕು, ಅಷ್ಟೆ. ಅದನ್ನು ಕಲಿಸಿದವಳು ಪಕ್ಕದ ಬೋಟಿನ ಮೇವಿಸ್. “ನೀರು ಗೇಣು ಇಳಿದ್ರೆ ಹಗ್ಗ ಮೊಳ ಬಿಡು. ಬಿಡ್ಲಿಲ್ವೋ, ದಡದ ಕಡೆ ಮಗ್ಗುಲು ಮರಕ್ಕೆ ನೇತಾಕ್ಕೊಳ್ತದೆ, ಹೊಳೆ ಕಡೆ ಮಗ್ಗುಲು ಕುಸೀತದೆ. ಸಿಂಕಿನ ನೀರು ಹೊರಗೋಗೋ ತೂತು ಇದ್ಯಲ್ಲ, ಅಲ್ಲೀವರ್ಗೂ ಕುಸೀತೋ, ನೀರು ಒಳಗೆ ನುಗ್ತದೆ, ಆಮೇಲೆ ಚಾ ಲೋಟಾನೂ ಎತ್ಕೊಳ್ಳೋಕೆ ಪುರುಸೊತ್ತಿರಲ್ಲ,” ಎಂದಿದ್ದಳು ಆಕೆ.

ಬೆರಿಲ್ ಬೆಳಗಿನ ಐದರಿಂದ ಅದನ್ನೇ ಮಾಡುತ್ತಿದ್ದಳು. ಅಂಗೈ ಬೊಬ್ಬೆ ಒಡೆದು ಉರಿಯುತ್ತಿತ್ತು. ಹಿಂದಿನ ಮಧ್ಯಾಹ್ನ ಗಂಡ ಕ್ಲಿಫರ್ಡ್ ಎದೆ ಹಿಡಿದುಕೊಂಡು ಬೋಟಿನ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಅಗ್ನಿಶಾಮಕದವರು ರಬ್ಬರ್ ದೋಣಿಯಲ್ಲಿ ಬಂದು ಅವನನ್ನು ಎತ್ತಿಕೊಂಡರು. ತಾನೂ ಹತ್ತಲು ಹೋದ ಬೆರಿಲ್‌ಳನ್ನು ಅವನೇ ತಡೆದ. ಮುಖ ಸುಣ್ಣದಂತಾಗಿದ್ದರೂ ಜೋರು ಕಡಿಮೆಯಾಗಿರಲಿಲ್ಲ. “ನೀನ್ ಬಂದ್ರೆ ಬೋಟ್ ಯಾರು ನಿನ್ನಪ್ಪ ನೋಡ್ಕೋತಾನಾ? ಇಲ್ಲೇ ಇರು!” ಎಂದ. ಅವಳು ಇದ್ದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಅವನ ಮಾತು ಕೇಳಿದ ಸಲಗಳನ್ನು ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಇದೂ ಒಂದಾಯಿತು.

ಕ್ಲಿಫರ್ಡ್ ಕವೆಂಟ್ರಿಯಲ್ಲಿ ಬಸ್ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯಾದ ವರ್ಷವೇ ಮನೆ ಮಾರಿ ಈ ಬೋಟು ಕೊಂಡರು. ಮಕ್ಕಳಿಲ್ಲ, ಹಿಂದಿಲ್ಲ ಮುಂದಿಲ್ಲ. ಏಳು ವರ್ಷ ಕಾಲುವೆಗಳಲ್ಲೇ ತಿರುಗಿದರು. ಹೋದ ಶರತ್ಕಾಲದಲ್ಲಷ್ಟೇ ಸ್ಟ್ರಾಟ್‌ಫರ್ಡ್‌ನಿಂದ ನದಿಗೆ ಇಳಿದು, ಒಂದೊಂದು ಊರಿನಲ್ಲಿ ವಾರ, ಹದಿನೈದು ದಿನ ನಿಲ್ಲುತ್ತ ಬರುತ್ತಿದ್ದರು. ಊರು ಸಿಕ್ಕಿದ ಕೂಡಲೇ ಬೆರಿಲ್ ಬ್ರೆಡ್ಡಿನ ಅಂಗಡಿ ಹುಡುಕಿದರೆ, ಕ್ಲಿಫರ್ಡ್ ಹಳೆಯ ಗೋಡೆಗಳ ಮೇಲೆ ಪ್ರವಾಹದ ಗೆರೆ ಹುಡುಕುತ್ತಿದ್ದ. ಈ ನದಿಯ ಊರುಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕಲ್ಲಲ್ಲಿ ಗೆರೆ ಕೊರೆದು ವರ್ಷ ಬರೆದಿರುತ್ತಾರೆ. ಅವನು ಆ ಗೋಡೆಗೆ ಬೆನ್ನು ಕೊಟ್ಟು ನಿಂತು, “ನೋಡೇ, ಈ ಗೆರೆ ನನ್ನ ಗಲ್ಲಕ್ಕೆ ಬಂತು,” ಎಂದು ಮದುಮಗನ ಹಾಗೆ ನಗುತ್ತಿದ್ದ. ಅವರಿಬ್ಬರೂ ಅಷ್ಟು ಸುಖವಾಗಿದ್ದದ್ದು ಆ ನಾಲ್ಕು ತಿಂಗಳಲ್ಲೇ. ಇದನ್ನು ನಾನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ, ಬೆರಿಲ್‌ಳೇ ಅದನ್ನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು.

ಒಂಬತ್ತೂವರೆಗೆ ಫೋನು ಬಂತು. ವೂಸ್ಟರ್ ಆಸ್ಪತ್ರೆಯ ನರ್ಸು. ಮೆತ್ತಗಿನ ದನಿಯ ಹುಡುಗಿ.

“ಇವತ್ತು ಎರಡು ಗಂಟೆಗೆ ಆಪರೇಷನ್ ಇಟ್ಕೊಂಡಿದೀವಿ. ಆದ್ರೆ ನಿಮ್ಮ ಯಜಮಾನ್ರು ಒಪ್ಪಿಗೆ ಪತ್ರಕ್ಕೆ ಸೈನ್ ಹಾಕ್ತಿಲ್ಲಮ್ಮ. ನಿಮ್ಮನ್ನ ನೋಡೋವರೆಗೂ ಹಾಕಲ್ಲ ಅಂತಾರೆ.”

“ಹಾಕ್ದೆ ಇದ್ರೆ?”

“ಡಾಕ್ಟ್ರು ನಾಳೆವರೆಗೆ ಕಾಯೋದು ಬೇಡ ಅಂತಾರೆ. ಬಂದ್ಬಿಡಿ ಅಮ್ಮಾ.”

ಬೆರಿಲ್ ಫೋನು ಜೇಬಿಗಿಟ್ಟು, ಕೋಲು ಹಿಡಿದು, ನೀರಿನ ಕಡೆ ನೋಡಿದಳು. ಬೆಳಿಗ್ಗೆಯಿಂದ ಮೂರು ಗೇಣು ಇಳಿದಿತ್ತು, ಇನ್ನೂ ಇಳಿಯುವುದಿತ್ತು. ಹೋದರೆ ಮನೆ ಹೋಗುತ್ತದೆ, ಹೋಗದಿದ್ದರೆ ಗಂಡ ಹೋಗುತ್ತಾನೆ. ಅತ್ತ ದರಿ ಇತ್ತ ಪುಲಿ ಎಂದು ಹೇಳುವವರು ಆ ಜಾಗದಲ್ಲಿ ನಿಂತು ನೋಡಬೇಕು. ಅವಳಿಗೆ ಸಿಟ್ಟು ಬಂದದ್ದು ಹೊಳೆಯ ಮೇಲಲ್ಲ, ಕ್ಲಿಫರ್ಡನ ಮೇಲೆ. ನಿನ್ನೆ ಇಲ್ಲೇ ಇರು ಅಂದವನು ಇವತ್ತು ಬಾ ಅನ್ನುತ್ತಾನಲ್ಲ, ನನ್ನನ್ನೇ ಎರಡು ತುಂಡು ಮಾಡಿ ಅರ್ಧ ಕಳಿಸಲೇ ಎಂದು ಗೊಣಗಿದಳು, ಗೊಣಗುತ್ತಲೇ ಅತ್ತಳು.

ಅಷ್ಟರಲ್ಲಿ ಮೇವಿಸ್ ತನ್ನ ಪುಟ್ಟ ಹುಟ್ಟುದೋಣಿಯಲ್ಲಿ ಬಂದಳು. ಎಪ್ಪತ್ತೆರಡರ ಗಟ್ಟಿ ಹೆಂಗಸು. ಅಪ್ಪ ಅಮ್ಮ ಕಲ್ಲಿದ್ದಲು ಸಾಗಿಸುವ ಬೋಟಿನವರು. ಇವಳು ಹುಟ್ಟಿದ್ದೂ ಅದರ ಮೇಲೇ. ಒಬ್ಬಳೇ ಇರುತ್ತಿದ್ದಳು. ಅವಳ ಬೋಟು ತಿರುವಿನ ಆಚೆ, ಮರಗಳ ಮರೆಯಲ್ಲಿತ್ತು. ಬೆರಿಲ್ ದಂಪತಿಯನ್ನು ಮೊದಲ ದಿನದಿಂದಲೂ ಆಕೆ ‘ಕಾಲುವೆ ಬಾತುಗಳು’ ಎಂದೇ ಕರೆಯುತ್ತಿದ್ದಳು.

“ಏನಮ್ಮಾ ಬಾತು, ಮುಖ ಹಿಂಗ್ಯಾಕಾಗಿದೆ? ಹೋದ್ನಾ?”

“ಇಲ್ಲ. ನಾನ್ ಹೋಗ್ದೆ ಇದ್ರೆ ಹೋಗ್ತಾನೆ.” ಬೆರಿಲ್ ಎಲ್ಲ ಹೇಳಿದಳು.

ಮೇವಿಸ್ ದೋಣಿಯಲ್ಲೇ ಕೂತು ಸಿಗರೇಟು ಸುತ್ತಿಕೊಂಡಳು. “ಹನ್ನೊಂದಕ್ಕೆ ರೈತ ಹಬರ್ಟ್ ಟ್ರ್ಯಾಕ್ಟರ್ ತಗೊಂಡು ದಿಣ್ಣೆ ಮೇಲಿರೋ ಕುರಿಗೆ ಹುಲ್ಲು ಹಾಕೋಕೆ ಬರ್ತಾನೆ. ವಾಪಸ್ ಹೋಗೋವಾಗ ರಸ್ತೆವರ್ಗೂ ಬಿಡ್ತಾನೆ. ಅದು ಬಿಟ್ರೆ ನಾಳೆವರ್ಗೂ ದಾರಿ ಇಲ್ಲ. ಹೋಗು.”

“ಬೋಟು?”

“ಗಂಟೆಗೊಂದ್ಸಲ ಬಂದು ನೋಡ್ತೀನಿ. ಆದ್ರೆ ಸುಳ್ಳು ಹೇಳಲ್ಲ ಕೇಳು. ನನ್ನ ಬೋಟೂ ಹಳೇ ಮುದುಕಿ, ಎರಡು ಕಡೆ ಸೋರ್ತದೆ. ಎರಡ್ರಲ್ಲಿ ಒಂದು ಅಂತ ಬಂದ್ರೆ ನಾನು ನಂದ್ರ ಹತ್ರ ಓಡ್ತೀನಿ. ಆಮೇಲೆ ಮೇವಿಸ್ ಹಿಂಗೆ ಮಾಡ್ಬಿಟ್ಲು ಅನ್ಬೇಡ.”

“ಅನ್ನಲ್ಲ.”

“ಹೋಗೋವಾಗ ಹಗ್ಗ ಉದ್ದಕ್ಕೆ ಬಿಟ್ಟೋಗು. ಆರು ಮೊಳ. ಬೋಟು ಆ ಕಡೆ ಈ ಕಡೆ ಓಲಾಡ್ಲಿ, ಕಂಬಿಗೆ ಗುದ್ಲಿ, ಬಣ್ಣ ಕೆತ್ಲಿ, ತಲೆ ಕೆಡಿಸ್ಕೋಬೇಡ. ತೇಲ್ತಿದ್ರೆ ಸಾಕು. ತಿಳೀತಾ?”

“ತಿಳೀತು ಮೇವಿಸ್.”

ತಿಳಿದಿತ್ತು ಕೂಡ. ತಲೆಗೆ ತಿಳಿದಿತ್ತು. ಆದರೆ ಏಳು ವರ್ಷ ಕಾಲುವೆಯಲ್ಲಿದ್ದ ಕೈಗೆ ಬೇರೆ ಪಾಠವಾಗಿತ್ತು. ಕಾಲುವೆಯ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಲ್ಲಿನ ಭಯವೆಲ್ಲ ಪಕ್ಕದಲ್ಲಿ ಹಾದುಹೋಗುವ ಬೋಟುಗಳದ್ದು. ಅವುಗಳ ಸೆಳೆತಕ್ಕೆ ಸಡಿಲ ಹಗ್ಗ ಜಗ್ಗಿ ದಡಕ್ಕೆ ಹೊಡೆದ ಗೂಟ ಕಿತ್ತುಬರುತ್ತದೆ. ಅದಕ್ಕೇ ಕಾಲುವೆಯವರು ಹಗ್ಗವನ್ನು ಪಿಟೀಲಿನ ತಂತಿಯ ಹಾಗೆ ಬಿಗಿಯುತ್ತಾರೆ. ಬೆರಿಲ್ ಕಟ್ಟಿದ ಹಗ್ಗವನ್ನು ಕ್ಲಿಫರ್ಡ್ ಪ್ರತಿ ಸಂಜೆ ಕಾಲಲ್ಲಿ ಮೆಟ್ಟಿ ನೋಡುತ್ತಿದ್ದ. ಒಂದಿಷ್ಟು ಜೋತರೂ, “ನಿನ್ನ ಗಂಟೂ ನಿನ್ನ ಅಮ್ಮನ ಮಾತೂ ಎರಡೂ ಒಂದೇ ಕಣೇ, ಹಿಡಿತಾನೇ ಇಲ್ಲ,” ಎಂದು ಬಿಚ್ಚಿ ತಾನೇ ಕಟ್ಟುತ್ತಿದ್ದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಟ್ರ್ಯಾಕ್ಟರ್ ನೀರು ಸೀಳಿಕೊಂಡು ಬಂತು. ಹಬರ್ಟ್ ಇಳಿಯಲೂ ಇಲ್ಲ. “ಬೇಗ ಬಾ ತಾಯಿ, ಇಂಜಿನ್‌ಗೆ ನೀರು ನುಗ್ಗಿದ್ರೆ ಇಬ್ರೂ ಇಲ್ಲೇ ಕುರಿ ಕಾಯ್ಬೇಕು!” ಎಂದು ಕೂಗಿದ. ಬೆರಿಲ್ ಒಲೆ ಆರಿಸಿದಳು, ಚೀಲ ಹುಡುಕಿದಳು, ಸಿಗಲಿಲ್ಲ, ಬಿಟ್ಟಳು. ಮುಂದಿನ ಹಗ್ಗ ಕಟ್ಟಿದಳು, ಹಿಂದಿನ ಹಗ್ಗ ಕಟ್ಟಿದಳು, ಬಾಗಿಲಿಗೆ ಬೀಗ ಹಾಕಿದಳು. ತೊಡೆಮಟ್ಟ ನೀರಿಗಿಳಿದು ಟ್ರ್ಯಾಕ್ಟರ್ ಹತ್ತಿದಳು. ಹಿಂತಿರುಗಿ ನೋಡಿದಾಗ ಪ್ರಿಮ್‌ರೋಸ್ ಒಂದಿಷ್ಟೂ ಅಲುಗದೆ ನಿಂತಿತ್ತು. ಪಾಪ, ಎಷ್ಟು ಒಳ್ಳೆಯ ಬೋಟು ಎಂದುಕೊಂಡಳು.

ರಸ್ತೆಯಿಂದ ಹಬರ್ಟನ ಹೆಂಡತಿ ಕಾರಿನಲ್ಲಿ ವೂಸ್ಟರ್‌ಗೆ ಬಿಟ್ಟಳು. ಮುಳುಗಿದ ರಸ್ತೆಗಳನ್ನು ತಪ್ಪಿಸಿ ಸುತ್ತಿ ಬಳಸಿ ಬರುವಷ್ಟರಲ್ಲಿ ಒಂದೂಕಾಲು ಆಗಿತ್ತು.

ಕ್ಲಿಫರ್ಡ್ ದಿಂಬಿಗೊರಗಿ ಕೂತಿದ್ದ. ಒಂದೇ ರಾತ್ರಿಯಲ್ಲಿ ಕುಗ್ಗಿಹೋಗಿದ್ದ, ಬೇರೆ ಯಾರದೋ ಅಂಗಿ ತೊಟ್ಟವನಂತೆ ಕಂಡ. ಮಂಚದ ಪಕ್ಕ ಯುವ ಡಾಕ್ಟರಮ್ಮ ಕಾಗದ ಹಿಡಿದು ನಿಂತಿದ್ದಳು. ಬೆರಿಲ್ ಅವನ ಕೈ ಹಿಡಿದಳು. ಅವನು ಅವಳ ಒದ್ದೆ ಪ್ಯಾಂಟನ್ನು ನೋಡಿದ, ಮುಖ ನೋಡಿದ.

“ಕೋಲು ಯಾರ ಕೈಲಿದೆ?”

“ಮೊದ್ಲು ಸೈನ್ ಹಾಕು ಕ್ಲಿಫ್.”

“ಕೇಳಿದ್ದಕ್ಕೆ ಹೇಳೇ. ಕೋಲು ಯಾರ ಕೈಲಿದೆ?”

“ಮೇವಿಸ್ ನೋಡ್ಕೋತಿದಾಳೆ.”

“ಮೇವಿಸ್‌ಗೆ ಅವಳ ಬೋಟೇ ತಲೆ ಮೇಲಿದೆ.” ಅವನು ಡಾಕ್ಟರಮ್ಮನ ಕಡೆ ತಿರುಗಿ, “ನೋಡಮ್ಮ, ನಾನು ಹಟಕ್ಕೆ ಮಾಡ್ತಿಲ್ಲ. ನಮಗಿರೋದು ಅದೊಂದೇ. ಅದಿಲ್ದಿದ್ರೆ ನೀವು ಈ ಎದೆ ಕೊಯ್ದು ರಿಪೇರಿ ಮಾಡಿ ಏನು ಪ್ರಯೋಜನ? ಮುದುಕರ ಮನೆ ಕಿಟಕಿ ಹತ್ರ ನನ್ನ ಕೂರ್ಸಿ ಬಿಸ್ಕತ್ತು ಕೊಡ್ತಾರೆ. ನಂಗೆ ಅದು ಬೇಡ. ಬೋಟ್ ಇದ್ರೆ ಕೊಯ್ರಿ, ಇಲ್ದಿದ್ರೆ ಬಿಟ್ಬಿಡ್ರಿ,” ಎಂದ.

ಡಾಕ್ಟರಮ್ಮ ಬೆರಿಲ್‌ಳತ್ತ ನೋಡಿದಳು. ಹೇಗಾದರೂ ಒಪ್ಪಿಸಿ ಎನ್ನುತ್ತಿತ್ತು ಆ ನೋಟ, ಬೆರಿಲ್‌ಗೆ ಅರ್ಥವಾಯಿತು.

“ಬೋಟ್ ಚೆನ್ನಾಗಿದೆ ಕ್ಲಿಫ್. ನಾನು ಬಿಟ್ಟು ಬಂದಾಗ ಅಲುಗಾಡದೆ ನಿಂತಿತ್ತು.”

ಅವನ ಹುಬ್ಬು ಗಂಟಿಕ್ಕಿತು. “ಅಲುಗಾಡದೆ?” ಎಂದ. “ಹಗ್ಗ ಸಡಿಲ ಬಿಟ್ಟಿದೀಯ ತಾನೆ?”

ಆಗ ಅವಳಿಗೆ ಹೊಳೆಯಿತು.

ಅವಳ ಕೈಗಳು ಮಾಡಿದ್ದು ಅವಳ ಕಣ್ಣೆದುರಿಗೆ ಬಂತು. ಗೂಟಕ್ಕೆ ಒಂದು ಸುತ್ತು, ಎರಡು ಸುತ್ತು, ಮೈಭಾರ ಹಾಕಿ ಎಳೆತ, ಗಂಟು, ಆಮೇಲೆ ಕಾಲಲ್ಲಿ ಒಂದು ಮೆಟ್ಟು. ಎರಡೂ ಹಗ್ಗ. ಕ್ಲಿಫರ್ಡ್ ಬಂದು ಮೆಟ್ಟಿ ನೋಡಿದರೂ ತಪ್ಪು ಸಿಗದಷ್ಟು ಬಿಗಿ. ಬೋಟು ಬಿಟ್ಟು ಹೊರಟು ಎರಡೂಕಾಲು ತಾಸಾಗಿತ್ತು, ನೀರು ಅಷ್ಟೂ ಹೊತ್ತು ಇಳಿಯುತ್ತಲೇ ಇತ್ತು. ಈಗಲೂ ಹೊರಗೆ ಓಡಿ ಮೇವಿಸ್‌ಗೆ ಒಂದು ಫೋನು ಮಾಡಿದರೆ, ಹಗ್ಗ ಕಡಿದುಹಾಕು ಅಂದರೆ, ಉಳಿದೀತು. ಆದರೆ ಓಡಿದರೆ ಇವನಿಗೆ ತಿಳಿಯುತ್ತದೆ. ಅವನು ಅವಳ ಕೈಯನ್ನು ಬಿಟ್ಟಿರಲಿಲ್ಲ.

“ಬೆರಿಲ್?”

“ಬಿಡ್ದೆ ಇರ್ತೀನಾ? ನಾನೇನ್ ದಡ್ಡೀನಾ?”

“ಮುಂದಿಂದು ಎಷ್ಟು?”

“ಆರು ಮೊಳ.”

“ಹಿಂದಿಂದು?”

“ಅದೂ ಆರು. ಮೇವಿಸ್ ಎದುರಿಗೇ ಬಿಟ್ಟೆ. ಓಲಾಡ್ತಾ ಇರುತ್ತೆ, ಕಂಬಿಗೆ ಗುದ್ದುತ್ತೆ, ಬಣ್ಣ ಕೆತ್ತಿಹೋಗುತ್ತೆ. ಹೋಗ್ಲಿ, ಬೇಸಿಗೇಲಿ ನೀನೇ ಬಳಿ.”

ಕೋಟಿನ ಜೇಬಿನಲ್ಲಿ ಫೋನು ನಡುಗತೊಡಗಿತು. ಅವಳು ಮೊಣಕೈಯಿಂದ ಅದನ್ನು ಪಕ್ಕೆಗೆ ಒತ್ತಿ ಹಿಡಿದಳು. ನಿಂತಿತು. ಮತ್ತೆ ನಡುಗಿತು.

“ಯಾರದು?” ಎಂದ ಕ್ಲಿಫರ್ಡ್.

“ನನ್ನ ತಂಗಿ ಇರ್ಬೇಕು. ನಿನ್ನೆಯಿಂದ ಒಂದೇ ಸಮ ಮಾಡ್ತಿದಾಳೆ. ಆಮೇಲೆ ಮಾತಾಡ್ತೀನಿ.”

“ಅವಳ ಹತ್ರ ಮಾತಾಡೋಕೆ ಶುರು ಮಾಡಿದ್ರೆ ನನ್ನ ಆಪರೇಷನ್ ಮುಗಿದು ಹೊಲಿಗೆ ಬಿಚ್ಚೋ ಹೊತ್ತಾಗುತ್ತೆ,” ಎಂದ. ಡಾಕ್ಟರಮ್ಮ ನಕ್ಕಳು. ಬೆರಿಲ್ ಕೂಡ ನಕ್ಕಳು. ಆ ನಗು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಮೂರನೆಯ ಸಲ ಫೋನು ನಡುಗಿದಾಗ ಕ್ಲಿಫರ್ಡ್ ಕನ್ನಡಕ ಹಾಕಿಕೊಂಡು, ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದತೊಡಗಿದ. ಬಸ್ಸಿನ ಬಿಡಿಭಾಗದ ಪಟ್ಟಿ ಓದುವ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಒಂದು ಕಡೆ ನಿಂತು ಇದೇನು ಎಂದು ಕೇಳಿದ. ಡಾಕ್ಟರಮ್ಮ ಹೇಳಿದಳು. ಬೆರಿಲ್ ಪಕ್ಕೆಯನ್ನು ಅದುಮಿಕೊಂಡೇ ನಿಂತಿದ್ದಳು. ಒಂದೊಂದು ನಡುಕವೂ ಅವಳ ಎಲುಬಿಗೆ ಗೊತ್ತಾಗುತ್ತಿತ್ತು. ಸಹಿ ಹಾಕೋ ಮಾರಾಯ, ಸಹಿ ಹಾಕು ಎಂದು ಒಳಗೇ ಹಲ್ಲು ಕಚ್ಚಿದಳು. ಅವನು ಸಹಿ ಹಾಕಿದ.

“ಕಲಿತುಬಿಟ್ಟೆ ನೋಡು ಹೊಳೇನ,” ಎಂದು ಅವಳ ಕೈ ತಟ್ಟಿದ. “ನಾನೇ ಆಗಿದ್ರೆ ಅಭ್ಯಾಸಬಲದಲ್ಲಿ ಬಿಗಿದು ಕಟ್ಟಿಬಿಡ್ತಿದ್ನೋ ಏನೋ.”

ಅವನ ಮಂಚವನ್ನು ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ಬೆರಿಲ್ ಫೋನು ತೆಗೆದಳು. ಆರು ಸಲ ಬಂದಿತ್ತು, ಆರೂ ಮೇವಿಸ್.

“ಎಲ್ಲಿ ಸತ್ತಿದ್ದೆ ನೀನು?” ಮೇವಿಸ್ ಏದುತ್ತಿದ್ದಳು. “ಯಾರಮ್ಮಾ ಆ ಗಂಟು ಹಾಕಿದ್ದು? ಕ್ಲಿಫಾ?”

“ನಾನು.”

ಮೇವಿಸ್ ನಡೆದದ್ದನ್ನು ಹೇಳತೊಡಗಿದಳು.

“ಹನ್ನೆರಡಕ್ಕೆ ಬರ್ಬೇಕಿತ್ತು, ಆಗ್ಲಿಲ್ಲ. ನನ್ನ ಪಂಪು ಕೆಟ್ಟಿತ್ತು, ಬಕೆಟ್ಟಲ್ಲಿ ನೀರು ಹೊರಗೆ ಹಾಕ್ತಿದ್ದೆ. ಒಂದೂಕಾಲಿಗೆ ಬಂದೆ. ಆಗ್ಲೇ ಹೊಳೆ ಕಡೆಗೆ ವಾಲಿತ್ತು. ಗಂಟು ಬಿಚ್ಚೋಕಾಗ್ಲಿಲ್ಲ, ಅಷ್ಟೂ ಭಾರ ಅದ್ರ ಮೇಲೇ ಇತ್ತು. ನನ್ನ ಕೊಡಲಿ ಹೋದ ವಾರ ಹೊಳೆ ಪಾಲಾಯ್ತು. ನಿಮ್ಮ ಕೊಡಲಿ ಎಲ್ಲಿಟ್ಟಿದೀರ ಅಂತ ಕೇಳೋಕೆ ಫೋನ್ ಮಾಡ್ದೆ.”

ಕೊಡಲಿ ಮುಂದಿನ ಸೌದೆ ಪೆಟ್ಟಿಗೆಯ ಮುಚ್ಚಳದ ಕೆಳಗಿತ್ತು. ಬೀಗವೂ ಇಲ್ಲ. ಕೈ ಹಾಕಿದರೆ ಸಿಗುತ್ತಿತ್ತು.

“ಬ್ರೆಡ್ ಕೊಯ್ಯೋ ಚಾಕೂಲಿ ಕುಯ್ದೆ ಕಣಮ್ಮಾ. ಹಿಂದಿಂದು ಅರ್ಧ ಬಂದಿತ್ತು. ಅಷ್ಟ್ರಲ್ಲಿ ಕಿಟಕಿವರ್ಗೂ ಬಂತು ನೀರು. ನಾನು ಹಾರ್ಕೊಂಡೆ.”

“ಪೂರ್ತಿ ಹೋಯ್ತಾ?”

“ಹೊಗೆ ಕೊಳವೆ ಕಾಣ್ತಿದೆ.”

ಮೇವಿಸ್ ಬೈಯುತ್ತಾಳೆಂದು ಬೆರಿಲ್ ಕಾದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೇವಿಸ್ ಬೈಯಲಿಲ್ಲ, ಮೂಗು ಸೀಟಿದಳು. “ಅವನೇನಾದ?” ಎಂದು ಕೇಳಿದಳು. ಸಹಿ ಹಾಕಿದ ಎಂದು ಬೆರಿಲ್ ಹೇಳಿದಳು. “ಹಂಗಾದ್ರೆ ಸರಿ,” ಎಂದಳು ಮೇವಿಸ್. ಸರಿ ಏನೂ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಆಪರೇಷನ್ ನಾಲ್ಕೂವರೆ ತಾಸು ನಡೆಯಿತು. ಅಷ್ಟು ಹೊತ್ತೂ ಬೆರಿಲ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ತನ್ನ ಎರಡು ಕೈಗಳನ್ನು ನೋಡುತ್ತಿದ್ದಳು. ಅವನು ಸತ್ತುಹೋದರೆ ಸುಳ್ಳು ಹೇಳಿ ಕಳಿಸಿದ ಪಾಪ, ಬದುಕಿ ಬಂದರೆ ನಿಜ ಹೇಳಬೇಕಾದ ಪಾಪ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನು ಏಳದಿದ್ದರೆ ಅವನಿಗೆ ಗೊತ್ತಾಗುವುದಾದರೂ ತಪ್ಪುತ್ತದೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಆ ಯೋಚನೆ ಬಂದದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಎದುರಿಗೆ ಕೂತಿದ್ದ ಮುದುಕ ಪತ್ರಿಕೆ ಕೆಳಗಿಳಿಸಿ ನೋಡಿದ.

ಕ್ಲಿಫರ್ಡ್ ಬದುಕಿದ. ಹೃದಯ ಗಟ್ಟಿಯಾಗಿದೆ, ಇನ್ನು ಹತ್ತು ಹದಿನೈದು ವರ್ಷ ಚಿಂತೆಯಿಲ್ಲ ಎಂದರು ದೊಡ್ಡ ಡಾಕ್ಟರು. ಒಂದು ತಿಂಗಳು ಮಾತ್ರ ಮನಸ್ಸಿಗೆ ಯಾವ ಆಘಾತವೂ ಆಗಬಾರದು ಎಂದರು. ಬೆರಿಲ್ ಅವರ ಕೈ ಹಿಡಿದು ಅತ್ತಳು. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಅವರು ಅವಳ ಭುಜ ತಟ್ಟಿದರು. ಖುಷಿಯೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾದೀತು.

ಎರಡು ರಾತ್ರಿ ಅವಳು ಆಸ್ಪತ್ರೆಯ ಕುರ್ಚಿಗಳ ಮೇಲೇ ಕಳೆದಳು. ಬೇರೆಲ್ಲಿಗೆ ಹೋಗುವುದು? ಪ್ಯಾಂಟು ಮೈಮೇಲೇ ಒಣಗಿತ್ತು. ಹಲ್ಲುಜ್ಜುವ ಬ್ರಶ್ಶು ನರ್ಸು ಕೊಟ್ಟದ್ದು. ಮೂರನೆಯ ದಿನ ಮಧ್ಯಾಹ್ನ ಕ್ಲಿಫರ್ಡ್ ನಾಲ್ಕು ಚಮಚ ಸೂಪು ಕುಡಿದು, ಉಪ್ಪಿಲ್ಲ ಎಂದು ಗೊಣಗಿದ. ಆಮೇಲೆ ಹೆಂಡತಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಅವತ್ತಿನ ಬಟ್ಟೆಯಲ್ಲೇ ಇದೀಯಲ್ಲೇ. ಬೋಟಿಗೆ ಹೋಗೇ ಇಲ್ವಾ?”

“ನಿನ್ನ ಬಿಟ್ಟು ಹೆಂಗೆ ಹೋಗ್ಲಿ?”

“ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ. ಪಾಪ ಆ ಮುದುಕಿ ಮೇವಿಸ್ ಎರಡು ಬೋಟು ಕಟ್ಟಿಕೊಂಡು ಎಷ್ಟೂಂತ ಒದ್ದಾಡ್ಬೇಕು?” ಉಸಿರು ತೆಗೆದುಕೊಂಡು ಮುಂದುವರಿಸಿದ. “ನೀರು ದಡದೊಳಗೆ ಇಳಿದಿರುತ್ತೆ ಈಗ. ಹಗ್ಗ ಎಳೆದು ಹತ್ರ ತಗೊಂಡು ಕಟ್ಟು. ಒಲೆ ಹಚ್ಚು, ಒಳಗೆಲ್ಲ ತೇವ ಹಿಡಿದಿರುತ್ತೆ. ಬೆಚ್ಚಗೆ ಮಲಕ್ಕೋ ಒಂದು ರಾತ್ರಿ.”

“ನಾಳೆ ಹೋಗ್ತೀನಿ ಕ್ಲಿಫ್.”

“ಇವತ್ತೇ ಹೋಗು. ನೀನು ಇಲ್ಲಿ ಕೂತಿದ್ರೆ ನಂಗೆ ಅದೇ ಯೋಚನೆ, ನಿದ್ದೇನೇ ಬರಲ್ಲ. ಎದ್ದೇಳೇ, ಕತ್ತಲಾಗೋ ಮುಂಚೆ ಮನೆ ಸೇರ್ಕೋ.”

ಅವನ ದನಿ ಏರಿತು. ಪಕ್ಕದ ಯಂತ್ರ ಒಂದೆರಡು ಸಲ ಬೇಗಬೇಗನೆ ಕೂಗಿತು. ದೂರದಿಂದ ನರ್ಸು ತಲೆಯೆತ್ತಿ ನೋಡಿದಳು.

“ಆಯ್ತು, ಆಯ್ತು,” ಎಂದಳು ಬೆರಿಲ್. ಎದ್ದು ಕೋಟು ಹಾಕಿಕೊಂಡು ಅವನ ಹಣೆಗೆ ಮುತ್ತು ಕೊಟ್ಟಳು. ವಾರ್ಡು ಉದ್ದವಾಗಿತ್ತು, ಅವನ ಮಂಚ ಕೊನೆಯಲ್ಲಿತ್ತು, ಬಾಗಿಲವರೆಗೂ ಅವನು ನೋಡುತ್ತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಸರಸರ ನಡೆದಳು, ಬಸ್ಸು ತಪ್ಪಿಹೋಗುತ್ತದೆ, ಮನೆಯಲ್ಲಿ ಕೆಲಸ ಬಿದ್ದಿದೆ ಎನ್ನುವವಳ ಹಾಗೆ. ಬಾಗಿಲ ಬಳಿ ತಿರುಗಿ ಕೈ ಬೀಸಿದಳು. ಅವನೂ ಬೀಸಿದ.

ಬಾಗಿಲು ದಾಟಿ, ಅವನ ಕಣ್ಣಿಗೆ ಬೀಳದ ಕಡೆ ಬಂದ ಮೇಲೆ, ಅವಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತಳು.